ಎಲೆಯ ಮೇಲೆ ಅಡ್ಡ ಹಿಡಿದ ಕೈ

ನಾನು ದಪ್ಪಗಿದ್ದಾಗ ನಮ್ಮ ಯಜಮಾನರ ಅಕ್ಕನಿಗೆ ಅದೊಂದು ಹೆಮ್ಮೆ. "ತಮ್ಮನ ಹೆಂಡ್ತಿ ಹೆಂಗೆ ತುಂಬ್ಕೊಂಡಿದಾಳೆ ನೋಡಿ" ಎಂದು ಹೊಸನಗರದಲ್ಲಿ ಹೇಳಿಕೊಂಡು ತಿರುಗುತ್ತಿದ್ದರು. ತಮ್ಮನ ಸಂಪಾದನೆಯನ್ನು ನನ್ನ ಸೊಂಟ ನೋಡಿಯೇ ಅಳೆಯುವ ಜನ.

ಐವತ್ತನಾಲ್ಕನೇ ವಯಸ್ಸಿನಲ್ಲಿ ನನ್ನ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಕ್ಯಾನ್ಸರ್. ಶಿವಮೊಗ್ಗದಲ್ಲಿ ಆಪರೇಷನ್ ಆಗಿ, ಆ ಎದೆ ತೆಗೆಸಿಕೊಂಡು ಸಾಗರದ ಮನೆಗೆ ಬಂದ ವಾರವೇ ಅದೇ ಅತ್ತಿಗೆ ನನ್ನ ಮಂಚದ ತುದಿಯಲ್ಲಿ ಕೂತು, "ಅಷ್ಟು ಮೈ ಬಂದಿತ್ತಲ್ಲ ಮಾರಾಯ್ತಿ, ಅದಕ್ಕೇ ಬಂದಿದ್ದು" ಎಂದರು. ಹಾಗೆನ್ನುತ್ತಲೇ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರು. ತುಪ್ಪ ಬಿಟ್ಟುಕೊಂಡಿದ್ದ ಗೋಧಿ ಹಲ್ವ. "ತಿನ್ನು, ಶಕ್ತಿ ಬರ್ಬೇಕು." ಎರಡು ಮಾತಿನ ನಡುವೆ ಉಸಿರನ್ನೂ ಎಳೆದುಕೊಳ್ಳಲಿಲ್ಲ.

ಡಾಕ್ಟರಮ್ಮ ಹೇಳಿದ್ದೇ ಬೇರೆ. ತೆಳ್ಳಗಿದ್ದವರಿಗೂ ಬರುತ್ತದೆ, ದಪ್ಪಗಿದ್ದವರಿಗೆಲ್ಲ ಬರುವುದಿಲ್ಲ. ಆದರೆ ಮುಟ್ಟು ನಿಂತ ಮೇಲೆ ಮೈಯ ಕೊಬ್ಬೇ ಹಾರ್ಮೋನ್ ಮಾಡುತ್ತದೆ, ಕೆಲವು ಗಂಟುಗಳು ಅದನ್ನೇ ಉಂಡು ಬೆಳೆಯುತ್ತವೆ. "ಯಾಕೆ ಬಂತು ಅಂತ ತಲೆ ಕೆಡಿಸ್ಕೋಬೇಡಿ. ಇನ್ಮೇಲೆ ತೂಕ ಏರೋಕೆ ಬಿಡ್ಬೇಡಿ. ಜಾಸ್ತಿ ಇದ್ದಷ್ಟೂ ಮತ್ತೆ ಬರೋ ಭಯ ಜಾಸ್ತಿ, ಕೈ ಊದೋದೂ ಜಾಸ್ತಿ." ಕಂಕುಳ ಗ್ರಂಥಿಗಳನ್ನು ತೆಗೆದಿದ್ದರಿಂದ ಎಡಗೈಗೆ ಗಾಯ, ಸುಟ್ಟ ಬೊಬ್ಬೆ ಯಾವುದೂ ಆಗಬಾರದು ಎಂದೂ ಹೇಳಿ ಕಳಿಸಿದ್ದರು.

ದಿನಾ ಬೆಳಿಗ್ಗೆ ಕೆಳದಿ ರಸ್ತೆಯಲ್ಲಿ ನಡೆದೆ. ವರ್ಷದಲ್ಲಿ ಆರು ಕೆಜಿ ಇಳಿದೆ. ಎಡಗೈಯಲ್ಲಿ ಒಂದೇ ಸಡಿಲ ಬಳೆ ಉಳಿಸಿಕೊಂಡಿದ್ದೆ. ಅದು ಮಣಿಕಟ್ಟಿನಲ್ಲಿ ಸಲೀಸಾಗಿ ತಿರುಗಿದ ದಿನ, ಕೈ ಊದಿಲ್ಲವೆಂದು ಮನಸ್ಸಿಗೆ ಸಮಾಧಾನ.

ಹೋದ ವರ್ಷ ಅತ್ತಿಗೆಯವರ ಹೊಸ ಮನೆಯ ಗೃಹಪ್ರವೇಶ. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತ ಬಂದವರು ಅತ್ತಿಗೆಯ ಗಂಡ. ಒಂದನ್ನು ತಿಂದಿದ್ದೆ. ಎಲೆಯ ಮೇಲೆ ಎಡಗೈ ಅಡ್ಡ ಹಿಡಿದು, "ಸಾಕು ಭಾವ" ಎಂದೆ, ನಗುತ್ತಲೇ. ಬೇಡ ಎನ್ನುವಾಗ ನಗಬೇಕೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಅವರು ನಮ್ಮ ಕಡೆಯ ಪಂಕ್ತಿ ನೋಡಿರಲಿಲ್ಲ.

"ಒಂದು ತಿಂದ್ರೆ ತಿಂದಂಗಾ? ಕೈ ತೆಗಿ ಮಾರಾಯ್ತಿ. ವಿಷ ಹಾಕಿದೀವಾ?"

"ಡಯಟ್ಟು ಭಾವ, ಡಯಟ್ಟು!" ಎಂದಳು ಎದುರು ಸಾಲಿನಲ್ಲಿ ಯಾರೋ. ಅವಳ ಎಲೆಯಲ್ಲಿ ಮೂರು ಹೋಳಿಗೆಗಳಿದ್ದವು.

ತುಪ್ಪದ ಗಿಂಡಿ ಹಿಡಿದು ಹಿಂದೆಯೇ ಬಂದ ಅತ್ತಿಗೆ, "ಇನ್ನು ಯಾವ ಚಂದಕ್ಕೆ ಇಳಿಸ್ತಾಳೋ! ಇದ್ದಿದ್ದೂ ಹೋಯ್ತಲ್ಲ" ಎಂದರು. ಸಾಲಿಗೆ ಸಾಲೇ ನಕ್ಕಿತು. ಆ ನಗುವಿನಲ್ಲೇ ಭಾವ ನನ್ನ ಕೈಮೇಲೆಯೇ ಹೋಳಿಗೆ ಹಾಕಿದರು. ಅತ್ತಿಗೆ ಅದರ ಮೇಲೆ ತುಪ್ಪ ಸುರಿದರು. ಆಗಷ್ಟೇ ಒಲೆಯಿಂದ ಇಳಿಸಿದ ತುಪ್ಪ, ಮಣಿಕಟ್ಟಿಗೆ ಹರಿಯಿತು.

ನಾನು ಎದ್ದುಬಿಟ್ಟೆ. ಇನ್ನೂ ಅನ್ನ ಮಜ್ಜಿಗೆ ಬಂದಿರಲಿಲ್ಲ. ಪಂಕ್ತಿಯಿಂದ ಮಧ್ಯದಲ್ಲಿ ಏಳುವುದೆಂದರೆ ಮನೆಯವರ ಮುಖಕ್ಕೆ ಹೊಡೆದಂತೆ. ಅದು ಗೊತ್ತಿದ್ದೇ ಎದ್ದೆ. ನಗು ನಿಂತಿತು. ಎಲ್ಲರೂ ನಮ್ಮ ಯಜಮಾನರ ಮುಖ ನೋಡಿದರು, ಅವರು ತಮ್ಮ ಎಲೆ ನೋಡಿದರು.

ಹಿತ್ತಲ ನಲ್ಲಿಯ ಕೆಳಗೆ ಕೈ ಹಿಡಿದು ನಿಂತೆ. ಮಣಿಕಟ್ಟಿನ ಮೇಲೆ ಅಂಗೈ ಅಗಲ ಕೆಂಪಾಗಿತ್ತು. ಸ್ವಲ್ಪ ಹೊತ್ತಿಗೆ ಬಳೆ ತಿರುಗಲಿಲ್ಲ.

ಯಜಮಾನರು ಊಟ ಮುಗಿಸಿಯೇ ಬಂದರು. "ಒಂದು ಹೋಳಿಗೆಗೆ ಇಷ್ಟು ರಂಪ ಬೇಕಿತ್ತಾ? ಅಕ್ಕ ಅಳ್ತಿದಾಳೆ."

"ಒಂದು ಸೋಪು ತನ್ನಿ" ಎಂದೆ. "ಬಳೆ ತೆಗೀಬೇಕು. ಇಲ್ಲಿಂದ ಸೀದಾ ಡಾಕ್ಟರ ಹತ್ರ."

ಹೋಗಿ ತಂದರು. ಒಂದು ಕೈಯಲ್ಲಿ ಸೋಪು. ಇನ್ನೊಂದರಲ್ಲಿ, ಅಕ್ಕ ನನಗೆಂದು ಕಟ್ಟಿಕೊಟ್ಟ ನಾಲ್ಕು ಹೋಳಿಗೆಗಳ ಪೊಟ್ಟಣ.