ಮೂರು ಸಲ ಬೇಡ

ತನುಶ್ರೀ ಸುಳ್ಳುಗಾತಿ. ದೊಡ್ಡ ಸುಳ್ಳು ಹೇಳುವ ಎದೆಗಾರಿಕೆ ಅವಳಿಗಿರಲಿಲ್ಲ. ಎದುರಿಗಿದ್ದವರಿಗೆ ಏನು ಬೇಕೋ ಅದನ್ನೇ ಹೇಳಿ ಬಚಾವಾಗುವ ಅಗ್ಗದ ಸುಳ್ಳು. ನೆದರ್ಲೆಂಡ್ಸಿನ ಹಾರ್ಲೆಮ್‌ನಲ್ಲಿ ಅವಳ ಜೊತೆ ಮನೆ ಹಂಚಿಕೊಂಡಿದ್ದ ಉಡುಪಿಯ ನಿಶ್ಮಿತಾಗೆ ಇದು ಲಾಕ್‌ಡೌನಿನ ಮೊದಲ ವಾರದಲ್ಲೇ ಗೊತ್ತಾಗಿತ್ತು. ಮ್ಯಾನೇಜರ್‌ಗೆ "ಟೆಸ್ಟಿಂಗ್ ಮುಗೀತು", ಮೈಸೂರಿನ ಅಮ್ಮ ಲೀಲಮ್ಮನಿಗೆ "ಊಟ ಆಯ್ತು" ಎನ್ನುತ್ತಿದ್ದಳು, ಎರಡನ್ನೂ ಹಾಸಿಗೆಯಲ್ಲಿ ಮಲಗಿಕೊಂಡೇ.

ಅಂಥವಳು ಯಹೂದಿ ಮತಕ್ಕೆ ಸೇರುತ್ತೇನೆ ಎಂದಾಗ ನಿಶ್ಮಿತಾ ನಕ್ಕಳು.

"ಹುಡುಗ ಯಾರು ಮಾರಾಯ್ತಿ?"

"ಹುಡುಗನೂ ಇಲ್ಲ, ಗಿಡುಗನೂ ಇಲ್ಲ ಕಣೇ. ವಾರಕ್ಕೊಂದಿನ ಲ್ಯಾಪ್‌ಟಾಪ್ ಮುಟ್ಟಬೇಡ ಅನ್ನೋ ದೇವರು! ನಮ್ಮ ಮೂವತ್ಮೂರು ಕೋಟೀಲಿ ಒಬ್ಬನಿಗಾದ್ರೂ ಹೊಳೀತಾ?"

ತಮಾಷೆಯಾಗಿ ಶುರುವಾದದ್ದು ನಿಲ್ಲಲಿಲ್ಲ. ವರ್ಷವಿಡೀ ಹೀಬ್ರೂ ಅಕ್ಷರ ತಿದ್ದಿದಳು. ಶುಕ್ರವಾರ ಸಂಜೆ ಆ ದೇವರ ವಿರಾಮದ ದಿನ ಶುರುವಾಯಿತೆಂದರೆ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತಿಡುತ್ತಿದ್ದಳು. ಈಗ ಬೇಕಾಗಿದ್ದದ್ದು ಒಂದೇ: ಊರಿನ ಯಹೂದಿಗಳ ಗುರು, ರಬ್ಬಿ, ಅವಳನ್ನು ಶಿಷ್ಯೆಯಾಗಿ ಸೇರಿಸಿಕೊಳ್ಳಬೇಕು.

ರಬ್ಬಿ ಇಮೇಲಿನಲ್ಲಿ ಬೇಡ ಎಂದರು. ಎರಡನೆಯ ಸಲ ಫೋನಿನಲ್ಲಿ ಬೇಡ ಎಂದರು: ಇರುವ ಧರ್ಮದಲ್ಲೇ ಒಳ್ಳೆಯವಳಾಗಿರು, ನಮ್ಮ ಆರುನೂರ ಹದಿಮೂರು ಕಟ್ಟಳೆಗಳ ಕಾಟ ನಿನಗೇಕೆ? ಮೂರನೆಯ ಸಲ ಪ್ರಾರ್ಥನಾಮಂದಿರದ ಬಾಗಿಲಲ್ಲಿ, ಮಾಸ್ಕಿನೊಳಗಿಂದ, ಒಂದೂವರೆ ಮೀಟರ್ ದೂರ ನಿಂತು ಬೇಡ ಎಂದರು.

ತನುಶ್ರೀ ಕುಣಿದುಕೊಂಡು ಮನೆಗೆ ಬಂದಳು. "ಮೂರಾಯ್ತು!"

"ಎಂತ ಮೂರು? ಡಚ್ಚರು ಬೇಡ ಅಂದ್ರೆ ಬೇಡ."

"ನಮ್ಮ ಮೈಸೂರಲ್ಲಿ ಮೂರು ಸಲ ಕಾಫಿ ಬೇಡ ಅಂದ್ರೆ ಏನರ್ಥ? ಹಾಲು ಬಿಸಿಗಿಡಿ ಅಂತ!"

ಆ ಪೆದ್ದು ತರ್ಕವೇ ನಿಜವಾದದ್ದು ಕಂಡು ನಿಶ್ಮಿತಾಗೆ ಬಹಳ ಕಿರಿಕಿರಿಯಾಯಿತು. ಬಂದವರನ್ನು ಮೂರು ಸಲ ಹಿಂದಕ್ಕೆ ಕಳಿಸಿ ನೋಡುವುದು ಅವರಲ್ಲೂ ಹಳೆಯ ಪದ್ಧತಿಯಂತೆ. ೨೦೨೧ರ ಮೇ ತಿಂಗಳಲ್ಲಿ, ನಾಲ್ಕನೆಯ ಸಲ ಕೇಳಿದಾಗ, ರಬ್ಬಿ ವಿಡಿಯೊ ಕರೆಗೆ ಒಪ್ಪಿದರು.

ನಿಶ್ಮಿತಾ ಕ್ಯಾಮೆರಾಕ್ಕೆ ಕಾಣದಂತೆ ಮೇಜಿನ ಆಚೆ ಬೀನ್ಸ್ ಬಿಡಿಸುತ್ತ ಕೂತಿದ್ದಳು. ರಬ್ಬಿ ಏನೇನೋ ಕೇಳಿದರು. ಕೊನೆಗೆ, "ಹಳೆಯ ದೇವರುಗಳನ್ನೆಲ್ಲ ಬಿಟ್ಟಿದ್ದೀಯಾ?"

"ಬಿಟ್ಟಿದ್ದೇನೆ," ಎಂದಳು ತನುಶ್ರೀ, ಉಸಿರಾಡುವಷ್ಟು ಸಲೀಸಾಗಿ.

ಕೇಳಿ ನಿಶ್ಮಿತಾಗೆ ಆಶ್ಚರ್ಯವೇನೂ ಆಗಲಿಲ್ಲ. ಹೋದ ವಾರ ಮೈಸೂರಿನ ಆಸ್ಪತ್ರೆಯಲ್ಲಿ ಲೀಲಮ್ಮನ ಆಕ್ಸಿಜನ್ ಎಂಬತ್ತೆರಡಕ್ಕೆ ಇಳಿದಾಗ ಇದೇ ಹೆಂಗಸು ಇಲ್ಲಿ ಸ್ಟೀಲ್ ಬಟ್ಟಲಿಗೆ ಎಣ್ಣೆ ಹಾಕಿ ನಂಜುಂಡೇಶ್ವರನಿಗೆ ದೀಪ ಹಚ್ಚಿ ನೆಲದ ಮೇಲೆ ಕೂತಿತ್ತು. ಲೀಲಮ್ಮ ಉಳಿದರು, ದೀಪದ ಮಸಿ ಇನ್ನೂ ಗೋಡೆಯ ಮೇಲಿತ್ತು.

ರಬ್ಬಿಗೆ ಸಮಾಧಾನವಾಯಿತು. ಸೆಪ್ಟೆಂಬರಿನಿಂದ ಪಾಠಕ್ಕೆ ಬರಬಹುದು ಎಂದರು. ಪೆನ್ನು ತೆಗೆದು ಹೆಸರಿನ ಸ್ಪೆಲಿಂಗ್ ಕೇಳಿದರು.

"ಟಿ, ಎ, ಎನ್..." ಎಂದು ತನುಶ್ರೀ ನಿಲ್ಲಿಸಿದಳು.

"ಕೇಳಿಸಲಿಲ್ಲ," ಎಂದರು ರಬ್ಬಿ.

"ಈಗ ಹೇಳಿದ್ದು ಸುಳ್ಳು. ಹೋದ ವಾರ ಅಮ್ಮನಿಗೆ ಉಸಿರು ಸಿಕ್ಕದೆ ಇದ್ದಾಗ ನಾನು ಕರೆದದ್ದು ನಮ್ಮ ನಂಜುಂಡನನ್ನು. ನಿಮ್ಮ ದೇವರ ನೆನಪೇ ಬರಲಿಲ್ಲ."

ರಬ್ಬಿ ಪೆನ್ನು ಕೆಳಗಿಟ್ಟರು. ನಿಶ್ಮಿತಾ ಕೈಯಲ್ಲಿನ ಬೀನ್ಸ್ ಹಾಗೇ ಹಿಡಿದಿದ್ದಳು. ತನುಶ್ರೀ ಕರೆ ಕತ್ತರಿಸಲಿಲ್ಲ, ನೆಟ್‌ವರ್ಕ್ ಸರಿಯಿಲ್ಲ ಎಂದೂ ಹೇಳಲಿಲ್ಲ. ಕ್ಯಾಮೆರಾದ ಮುಂದೆ ನೆಟ್ಟಗೆ ಕೂತುಕೊಂಡಳು.