ಹಾಫ್ ಮೂನ್ ಬೇಯ ಬೆಚ್ಚನೆಯ ಮಂಜು

ಕಣ್ಣಿಗೆ ಕಾಣದ್ದನ್ನು ನಂಬುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಮುಟ್ಟಿ, ತೂಗಿ, ಚೌಕಾಸಿ ಮಾಡಿ ತಂದದ್ದಷ್ಟೇ ನಿಜ ಎಂದುಕೊಂಡು ಬದುಕು ಕಟ್ಟಿಕೊಂಡವನು ನಾನು. ಈಗ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಡಾಟ್‌ಕಾಮ್ ಭರಾಟೆಯ ಕಾಲ. ಪರದೇಶದ ಸನ್ನಿವೇಲ್‌ನಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದ ನಮ್ಮ ಹುಡುಗರಿಗೆ ಶನಿವಾರವೂ ಆಫೀಸು. ಊರಿನಿಂದ ಬಂದ ಅವರ ಅಪ್ಪ ಅಮ್ಮಂದಿರನ್ನು ಸುತ್ತಾಡಿಸಲು ನಾನೊಂದು ಹಳೆಯ ವ್ಯಾನು ಇಟ್ಟುಕೊಂಡಿದ್ದೆ. ಏಪ್ರಿಲ್‌ನಲ್ಲಿ ಬರುವವರಿಗೆ ಇವತ್ತಿಗೂ ನನ್ನದೊಂದೇ ಬುದ್ಧಿಮಾತು: ಸನ್ನಿವೇಲ್‌ನ ಬಿಸಿಲು ನೋಡಿ ಮೋಸಹೋಗಬೇಡಿ. ಗುಡ್ಡ ದಾಟಿ ಕಡಲ ಕಡೆ ಇಳಿದರೆ ಹವೆಯೇ ಬೇರೆ. ಸ್ವೆಟರ್ ಇರಲಿ. ಅದಕ್ಕೆಂದೇ ಹಳೇ ಸಾಮಾನು ಮಾರುವ ಫ್ಲೀ ಮಾರ್ಕೆಟ್ಟಿನಿಂದ ಒಂದು ಮೂಟೆ ಸ್ವೆಟರ್ ತಂದು ವ್ಯಾನಿನಲ್ಲಿಟ್ಟು ಬಾಡಿಗೆಗೆ ಕೊಡುತ್ತಿದ್ದೆ.

ಆ ಶನಿವಾರ ಬಂದವರು ಮಂಡ್ಯ ಕಡೆಯ ಜಯಮ್ಮ ಮತ್ತು ಅವರ ಯಜಮಾನರು. "ಅಮ್ಮನ್ನ ಸ್ವಲ್ಪ ನೋಡ್ಕೊಳ್ಳಿ ಅಣ್ಣ, ಹೇಳಿದ್ ಮಾತು ಕೇಳಲ್ಲ" ಎಂದು ಮಗ ರಮೇಶ ನನಗೆ ಒಪ್ಪಿಸಿ ಹೋಗಿದ್ದ. ಸ್ವೆಟರ್ ಚಾಚಿದರೆ ಜಯಮ್ಮ ನಕ್ಕರು. "ಯುಗಾದಿ ಕಳುದ್ಮ್ಯಾಲೆ ಯಾರಾರ ಸ್ವೆಟ್ರು ಹಾಕ್ಕಂಡಾರಾ? ನಿನ್ ಯಾಪಾರ ನನ್ತಾವ ಬ್ಯಾಡ ಕಣಪ್ಪ!"

ಗುಡ್ಡ ಇಳಿದು ಹಾಫ್ ಮೂನ್ ಬೇ ಕಡಲತೀರ ತಲುಪಿದಾಗಲೂ ಬಿಸಿಲಿತ್ತು. ಮಂಡಿನೋವೆಂದು ಯಜಮಾನರು ವ್ಯಾನಿನಲ್ಲೇ ಉಳಿದರು. ಸಮುದ್ರದ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, ಊರಿಗೂ ಒಂದಿಷ್ಟು ಒಯ್ಯಬೇಕೆಂದು ಜಯಮ್ಮ ಬಾಟಲಿ ಹಿಡಿದು ಮರಳಿಗಿಳಿದರು. ನಾನು ಜೊತೆಗೆ ಹೋಗಬೇಕಿತ್ತು. ರಸ್ತೆಬದಿಯಲ್ಲಿ ಸ್ಟ್ರಾಬೆರಿ ಮಾರುವವನ ಹತ್ತಿರ ಚೌಕಾಸಿಗೆ ನಿಂತೆ. ತಿರುಗಿ ನೋಡಿದರೆ ಕಡಲೇ ಇಲ್ಲ. ಮಂಜು ಎಲ್ಲವನ್ನೂ ನುಂಗಿತ್ತು.

ಓಡಿದೆ, ಕೂಗಿದೆ. ಅಲೆಯ ಸದ್ದು ಎಲ್ಲ ದಿಕ್ಕಿನಿಂದಲೂ ಕೇಳುತ್ತಿತ್ತು. ಆ ಕಡಲಿನ ಅಲೆ ಹೇಳದೆ ಕೇಳದೆ ಎಳೆದೊಯ್ಯುತ್ತದೆ. ಜಯಮ್ಮನಿಗೆ ಈಜು ಬಾರದು. ರಮೇಶನಿಗೆ ಏನೆಂದು ಹೇಳಲಿ? ಚಳಿಗೋ ಹೆದರಿಕೆಗೋ ಹಲ್ಲು ಕಟಕಟಿಸುತ್ತಿರುವಾಗ ಎಡಗೆನ್ನೆಗೆ ಬಿಸಿ ತಾಗಿತು, ಉರಿಯುವ ಒಲೆಯ ಮುಂದೆ ಹಾದಂತೆ. ಬಲಕ್ಕೆ ಹೆಜ್ಜೆಯಿಟ್ಟರೆ ಕೊರೆಯುವ ಚಳಿ, ಎಡಕ್ಕಿಟ್ಟರೆ ಮತ್ತೆ ಬಿಸಿ. ಆ ಬಿಸಿಯನ್ನೇ ಹಿಡಿದು ನಡೆದೆ.

ಜಯಮ್ಮ ಒಣಮರಳಿನ ಮೇಲೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಹಣೆಯ ಮೇಲೆ ಬೆವರು, ಪಕ್ಕದಲ್ಲಿ ನೀರು ತುಂಬಿದ ಬಾಟಲಿ. "ದಾರಿ ಕಾಣ್ದೆ ಕುಂತ್ಕಂಡೆ. ಏನ್ ಸೆಕೆ ಕಣಪ್ಪ! ಸ್ವೆಟ್ರಂತೆ ಸ್ವೆಟ್ರು!"

ನನ್ನ ಅಂಗಿಯಿಂದ ಮಂಜಿನ ನೀರು ತೊಟ್ಟಿಕ್ಕುತ್ತಿತ್ತು. ಅವರ ಸೀರೆ ಒದ್ದೆಯಾಗಿರಲಿಲ್ಲ. ಕೈಹಿಡಿದು ಎಬ್ಬಿಸಿ ನಾಲ್ಕು ಹೆಜ್ಜೆ ಬಂದಿರಬೇಕು, ಹಿಂದೆ ದೊಡ್ಡ ಅಲೆಯೊಂದು ಅಪ್ಪಳಿಸಿತು. ಅವರು ಕುಳಿತಿದ್ದ ಜಾಗದಲ್ಲಿ ನೊರೆ ಕುದಿಯುತ್ತಿತ್ತು. ಆ ಬಿಸಿ ಎಲ್ಲಿಯೂ ಇರಲಿಲ್ಲ. ಜಯಮ್ಮ ಗಡಗಡ ನಡುಗತೊಡಗಿದರು. ವ್ಯಾನಿಗೆ ಕರೆತಂದು ಸ್ವೆಟರ್ ಹೊದಿಸಿದೆ. ಬಾಡಿಗೆ ಕೇಳಲು ಬಾಯಿ ಬರಲಿಲ್ಲ.

ಇದೆಲ್ಲ ನನ್ನ ಗಾಬರಿಯ ಭ್ರಮೆ ಎಂದು ಎಂದೋ ಕೈಬಿಡುತ್ತಿದ್ದೆ. ಆದರೆ ನಡೆದದ್ದೊಂದೂ ಗೊತ್ತಿರದ ಯಜಮಾನರು ಬಾಟಲಿ ಇಸಿದುಕೊಂಡವರೇ, "ಇದೇನಮ್ಮಿ, ನೀರ್ ಕಾಯಿಸ್ಕಂಡ್ ಬಂದಿದ್ದೀಯಾ?" ಎಂದರು. ನಾನೂ ಮುಟ್ಟಿ ನೋಡಿದೆ. ಯಾವ ಕಾಲದಲ್ಲೂ ಕಾಲು ಮರಗಟ್ಟಿಸುವ ಆ ಕಡಲ ನೀರು, ಮೈಗೆ ಸುರಿದುಕೊಳ್ಳುವಷ್ಟು ಹದವಾಗಿ ಬಿಸಿಯಾಗಿತ್ತು.

ಅಲ್ಲಿನ ಮೀನುಗಾರರನ್ನು ಕೇಳಿದೆ, ಓದಿದವರನ್ನು ಕೇಳಿದೆ. ಒಪ್ಪುವಂಥ ಉತ್ತರ ಯಾರಿಂದಲೂ ಸಿಗಲಿಲ್ಲ. ಏಪ್ರಿಲ್‌ನಲ್ಲಿ ಆ ಕಡೆ ಹೋಗುವವರಿಗೆ ಸ್ವೆಟರ್ ಒಯ್ಯಿರಿ ಎಂದು ಈಗಲೂ ಹೇಳುತ್ತೇನೆ. ನಾನು ಹೋದಾಗ ಮಾತ್ರ, ಯಾರೂ ನೋಡದಂತೆ, ಮಂಜಿಗೆ ಎಡಗೆನ್ನೆಯೊಡ್ಡಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.