ಬಂದೂಕಿನ ಸಂಘದ ಓಬಳಪ್ಪನವರು

ಓಬಳಪ್ಪನವರ ಎರಡೂ ಕಿವಿಯಲ್ಲಿ ಸದಾ ಹತ್ತಿ ಇರುತ್ತಿತ್ತು. ಮದುವೆ ಮನೆಯಲ್ಲಾಗಲಿ, ತಾಲ್ಲೂಕು ಕಚೇರಿಯಲ್ಲಾಗಲಿ, ಬಸ್ಸಿನಲ್ಲಾಗಲಿ, ಬಿಳಿ ಹತ್ತಿಯ ಉಂಡೆ ಕಿವಿಯಿಂದ ಇಣುಕುತ್ತಲೇ ಇರುತ್ತಿತ್ತು. ನಾಲ್ಕು ತಾಲ್ಲೂಕಿನ ಬಂದೂಕು ಲೈಸೆನ್ಸುದಾರರ ಸಂಘಕ್ಕೆ ಅಧ್ಯಕ್ಷರಾಗಿದ್ದ ಮನುಷ್ಯನಿಗೆ ಬಂದೂಕಿನ ಸದ್ದೇ ಆಗುತ್ತಿರಲಿಲ್ಲ. ಚಿಕ್ಕವರಾಗಿದ್ದಾಗ ಅವರಪ್ಪನ ಬಂದೂಕು ಮದ್ದು ಹೆಚ್ಚಾಗಿ ಪಕ್ಕದಲ್ಲೇ ಸಿಡಿದಿತ್ತಂತೆ. ಅಂದಿನಿಂದ ತಲೆಯೊಳಗೆ ಜೀರುಂಡೆ ಕೂಗಿದ ಹಾಗೆ ಸದ್ದು. "ಹತ್ತಿ ತೆಗೆದ್ರೆ ಅದು ಈಚೆಗೆ ಬಂದು ನಿನ್ ಕಿವೀಗೆ ಹೊಕ್ಕತೈತೆ ಕಣ್ಲಾ ಈರ" ಎನ್ನುತ್ತಿದ್ದರು. ತಮಾಷೆಯೋ ನಿಜವೋ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ.

ಈರ ಅಂದರೆ ನಾನು. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬೋರ್‌ವೆಲ್ಲಿನೊಳಗೆ ಕೆಟ್ಟು ಕೂತ ಮೋಟಾರನ್ನು ಮೇಲೆತ್ತಿ, ರಿಪೇರಿ ಮಾಡಿಸಿ, ಮತ್ತೆ ಇಳಿಸುವುದು ನನ್ನ ಕಸುಬು. ಪಾವಗಡದಿಂದ ಕೊರಟಗೆರೆಯವರೆಗೆ ನಾನು ಮೋಟಾರು ಎತ್ತದ ಊರು ಕಡಿಮೆ. ಎತ್ತಿದ್ದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಂತೂ ಇಲ್ಲ, ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನಿಡುಗಲ್ ಬೆಟ್ಟದ ಬುಡದಲ್ಲಿ ನಮಗೊಂದು ಹೊಲವಿದೆ, ಕಡಲೆಕಾಯಿ ಹಾಕುತ್ತೇವೆ. ಮನೆಯಲ್ಲಿ ನಮ್ಮಪ್ಪನ ಕಾಲದ ಒಂಟಿನಳಿಗೆ ಬಂದೂಕಿದೆ.

ಅಪ್ಪ ತೀರಿಕೊಂಡಾಗ ಆ ಬಂದೂಕು ಠಾಣೆಗೆ ಹೋಯಿತು. ಲೈಸೆನ್ಸು ನನ್ನ ಹೆಸರಿಗೆ ಆಗುವವರೆಗೆ ಕೊಡುವುದಿಲ್ಲ ಎಂದರು. ಕೆಲಸ ಬಿಟ್ಟು ಬಿಟ್ಟು ಓಡಾಡಿದೆ. ಹೋದಾಗಲೆಲ್ಲ ಇನ್ನೊಂದು ಕಾಗದ ಬೇಕು ಅನ್ನುವರು. ಒಂದು ದಿನ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದವನನ್ನು ಹತ್ತಿಯ ಕಿವಿಯವರೊಬ್ಬರು ಮಾತಾಡಿಸಿದರು. "ಯಾರ ಮಗ ಲೇ ನೀನು? ಮುಖ ಯಾಕಿಂಗೆ ಬಾಡೈತೆ?" ಹೇಳಿದೆ. ನನ್ನ ಕೈ ಹಿಡಿದುಕೊಂಡೇ ಒಳಗೆ ಹೋದರು. ಅಲ್ಲಿ ಅವರು ಜೋರು ಮಾಡಲಿಲ್ಲ, ಜಗಳವಾಡಲಿಲ್ಲ. ಕುರ್ಚಿಯಿಲ್ಲದ ಕಡೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. "ನಂಗೆ ಕಿವಿ ಕೇಳ್ಸಲ್ಲ ಸ್ವಾಮಿ, ನಿಧಾನ್ವಾಗಿ ಬರೆದೇ ಕೊಟ್ಬುಡಿ, ಏನೇನ್ ಕಾಗ್ದ ಬೇಕು ಅಂತ. ಬರೆಯೋವರ್ಗೂ ಕೂತಿರ್ತೀನಿ." ಬರೆದುಕೊಟ್ಟರು. ಆಮೇಲೆ ತಡವಾಗಲಿಲ್ಲ. ಬಂದೂಕು ಮನೆಗೆ ಬಂದ ದಿನ ಅವರೇ ಬಂದು ನಳಿಗೆಗೆ ಮೂಗಿಟ್ಟು ಮೂಸಿದರು. "ಥೂ, ಹಲ್ಲುಜ್ಜಲ್ವೇನ್ಲಾ ಇದು? ಒಳಗೆ ಎಣ್ಣೆ ಹಾಕು." ಯಾರ ಮನೆಗೆ ಹೋದರೂ ಅವರು ಮೊದಲು ಮಾಡುತ್ತಿದ್ದುದು ಇದೇ. ಕಾಫಿ ಆಮೇಲೆ.

ನಮ್ಮ ಕಡೆ ಬಂದೂಕು ಇಟ್ಟುಕೊಂಡವರ ಕಷ್ಟ ಹೊರಗಿನವರಿಗೆ ಗೊತ್ತಿರುವುದಿಲ್ಲ. ಯಾವುದೇ ಚುನಾವಣೆ ಬರಲಿ, ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಹೆಸರಿನ ಚೀಟಿ ಕಟ್ಟಿ ಒಳಗಿಡುತ್ತಾರೆ, ಫಲಿತಾಂಶ ಬಂದ ಮೇಲೆ ವಾಪಸ್ಸು. ಬೇಸಿಗೆಯಲ್ಲಾದರೆ ಚಿಂತೆಯಿಲ್ಲ. ಕಡಲೆಕಾಯಿ ಬಲಿಯುವ ಹೊತ್ತಿಗೆ ಬಂದರೆ ಹೊಲ ಹಂದಿಗಳ ಪಾಲು. ಬಲಸಮುದ್ರದ ಕಡೆ ಹೊಲಗಳ ತುಂಬಾ ಸೋಲಾರ್ ಪ್ಲೇಟು ಕೂತ ಮೇಲಂತೂ ಅಲ್ಲಿನ ಹಂದಿಗಳೂ ನಮ್ಮ ಕಡೆಗೇ ತಿರುಗಿವೆ. ಬಂದೂಕಿದ್ದರೆ ಗಾಳಿಗೆ ಒಂದು ಗುಂಡು ಹಾರಿಸಿದರೆ ಸಾಕು, ಹಿಂಡು ಬೆಟ್ಟಕ್ಕೆ ಓಡುತ್ತದೆ. ಇಲ್ಲದಿದ್ದರೆ ತಗಡು ಬಡಿಯುತ್ತ ಕೂರಬೇಕು. ತಗಡಿನ ಸದ್ದಿಗೆ ಈಗಿನ ಹಂದಿಗಳು ತಲೆ ಕೂಡ ಎತ್ತುವುದಿಲ್ಲ. ಬೆಳೆ ಕಾಯುವ ಬಂದೂಕು ಚುನಾವಣೆಯಲ್ಲೂ ಮನೆಯಲ್ಲೇ ಉಳಿಯಬೇಕು. ಓಬಳಪ್ಪನವರು ಸಂಘ ಕಟ್ಟಿದ್ದು ಈ ಒಂದೇ ಮಾತಿಗೆ.

ಅದನ್ನು ಅವರು ಗೆದ್ದ ಬಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ವರ್ಷ ಬಂದೂಕುಗಳೆಲ್ಲ ಠಾಣೆಯಲ್ಲಿದ್ದವು, ಹಂದಿಗಳು ಹೊಲದಲ್ಲಿದ್ದವು. ಓಬಳಪ್ಪನವರು ಊರೂರಿಗೆ ಬಸ್ಸಿನಲ್ಲಿ ಹೋಗಿ, ಬಸ್ಸಿಲ್ಲದ ಕಡೆ ನಡೆದು, ಹಂದಿ ಕಿತ್ತುಹಾಕಿದ ಗಿಡಗಳನ್ನು ಚೀಲಕ್ಕೆ ತುಂಬಿಸಿದರು. ನಮ್ಮನ್ನೆಲ್ಲ ಜಿಲ್ಲೆಯ ದೊಡ್ಡ ಸಾಹೇಬರ ಕಚೇರಿಗೆ ಕರೆದುಕೊಂಡು ಹೋದರು. "ಯಾರೂ ಘೋಷಣೆ ಗೀಷಣೆ ಕೂಗ್‌ಬ್ಯಾಡ್ರಿ. ಚೀಲ ಸುರೀರಿ, ಸುಮ್ಕೆ ನಿಂತ್ಕಳ್ರಿ." ವರಾಂಡದ ತುಂಬ ಒಣಗಿದ ಬಳ್ಳಿ, ಮಣ್ಣು, ಅಗಿದು ಉಗಿದ ಸಿಪ್ಪೆ. ಸಾಹೇಬರು ಹೊರಗೆ ಬಂದು, "ಏನ್ರೀ ಇದು?" ಎಂದರು.

"ಠಾಣೇಲಿ ನಮ್ ಬಂದೂಕು ಬೆಚ್ಚಗೈತಲ್ಲ ಸ್ವಾಮಿ, ಇದು ಅದರ ಬಾಡಿಗೆ" ಎಂದರು ಓಬಳಪ್ಪನವರು.

ಸಾಹೇಬರು ನಗಲಿಲ್ಲ. ಆದರೆ ಅರ್ಜಿ ಇಸಕೊಂಡು ನಿಂತಲ್ಲೇ ಓದಿದರು. ಮುಂದಿನ ಚುನಾವಣೆಯಿಂದ ಸಂಘ ಯಾರ ಯಾರ ಪರವಾಗಿ ಜವಾಬ್ದಾರಿ ಹೊರುತ್ತದೋ ಅಂಥವರ ಬಂದೂಕು ಮನೆಯಲ್ಲೇ ಇರಬಹುದು ಎಂದಾಯಿತು. ಆ ಸಲ ಊರಲ್ಲಿ ಮತದಾನ ನಡೆಯುತ್ತಿದ್ದಾಗ ನಮ್ಮಪ್ಪನ ಬಂದೂಕು ಗೋಡೆಯ ಮೇಲೇ ಇತ್ತು. ನನ್ನ ಹೆಂಡತಿ ಅದನ್ನು ನೋಡಿ, "ಓಬಳಪ್ಪಣ್ಣ ತಣ್ಣಗಿರ್ಲಿ ಕಣಪ್ಪ" ಎಂದಳು.

ಕೆಡಲು ಶುರುವಾದದ್ದು ಗೆದ್ದ ಮೇಲೆಯೇ. ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಲೈಸೆನ್ಸುದಾರರೆಲ್ಲ ಸಂಘಕ್ಕೆ ಸೇರಿದರು. ವರ್ಷ ವರ್ಷ ವಂತಿಗೆ ಬರತೊಡಗಿತು. ಮೊದಲು ಒಂದು ಹಳೇ ಜೀಪು ಬಂತು, ಮುಂದೆ ಅಧ್ಯಕ್ಷರು ಎಂಬ ಕೆಂಪು ಬೋರ್ಡು. ಆಮೇಲೆ ಮಧುಗಿರಿಯಲ್ಲಿ ಮಹಡಿ ಮೇಲೊಂದು ಆಫೀಸು, ತಿರುಗುವ ಕುರ್ಚಿ. ಬೆಂಗಳೂರಿಗೆ ಹೋದರೆ ಲಾಡ್ಜು. ಪಂಚೆಯ ಮೇಲೆ ಕೋಟು. ಊರ ಬಾಗಿಲುಗಳಲ್ಲಿ ಅವರ ಫ್ಲೆಕ್ಸು, ಕಿವಿಯ ಹತ್ತಿಯನ್ನು ಫೋಟೋದವನು ಅಳಿಸಿಬಿಟ್ಟಿದ್ದ. ಯಾರಾದರೂ ಗೊಣಗಿದರೆ ಇನ್ನೊಬ್ಬರು, "ನಮ್ ಅಧ್ಯಕ್ಷ್ರು ಬಸ್ಸಲ್ಲಿ ನೇತಾಡ್ಕೊಂಡ್ ಹೋಗ್ಬೇಕೇನಯ್ಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಅವರು ಕೊಡುಗೈಯವರೂ ಹೌದು. ಸದಸ್ಯರ ಮನೆಯಲ್ಲಿ ಸಾವಾದರೆ ಜೀಪಿನಲ್ಲಿ ಮೊದಲು ಬರುತ್ತಿದ್ದವರು ಅವರೇ. ಅದು ಸಂಘದ ಪೆಟ್ರೋಲೋ ಸ್ವಂತದ್ದೋ ಅಂಥ ಹೊತ್ತಿನಲ್ಲಿ ಯಾರು ಕೇಳುತ್ತಾರೆ?

ಕೇಳಿದವರು ಖಾದರ್ ಸಾಬರು. ಶಿರಾದವರು, ಕುರಿ ವ್ಯಾಪಾರ, ಮದಲೂರು ಕೆರೆಯ ಕೆಳಗೆ ಜಮೀನು. ಸಂಘದ ಖಜಾಂಚಿ. ಓಬಳಪ್ಪನವರ ಜೊತೆ ಮೊದಲ ದಿನದಿಂದ ಬಸ್ಸು ಹತ್ತಿಳಿದವರು. ವಿನಾಯಿತಿ ಕಾಯಂ ಆಗಬೇಕೆಂದರೆ ಹೈಕೋರ್ಟಿಗೆ ಹೋಗಬೇಕು ಎಂದು ವಕೀಲರ ಖರ್ಚಿಗೆ ಸದಸ್ಯರಿಂದ ಬೇರೆಯಾಗಿ ಹಣ ಎತ್ತಿದ್ದರು. ಆ ವರ್ಷ ಓಬಳಪ್ಪನವರಿಗೆ ಸಂಘದಿಂದ ದೊಡ್ಡ ಸನ್ಮಾನ ನಡೆಯಿತು. ಊಟ, ವಾಲಗ, ಬೆಳ್ಳಿಯ ಪುಟ್ಟ ಬಂದೂಕು. ವಕೀಲರ ಹಣ ಅದಕ್ಕೆ ಹೋಗಿತ್ತು.

ಮಧುಗಿರಿಯ ಛತ್ರದಲ್ಲಿ ಸರ್ವಸದಸ್ಯರ ಸಭೆ. ಖಾದರ್ ಸಾಬರು ಎದ್ದುನಿಂತರು. "ಓಬಳಪ್ಪಣ್ಣ, ತಪ್ಪು ತಿಳ್ಕೋಬೇಡಿ. ಕೋರ್ಟಿಗಂತ ಎತ್ತಿಟ್ಟ ದುಡ್ಡು ಸನ್ಮಾನಕ್ಕೆ ಹೆಂಗೆ ಹೋಯ್ತು? ಜನಕ್ಕೆ ಹಿಸಾಬ್ ಹೇಳ್ಬೇಕಲ್ಲ."

"ಏನಂದ್ರಿ? ಕೇಳ್ಸಲಿಲ್ಲ."

ಸಾಬರು ಇನ್ನೊಮ್ಮೆ ಹೇಳಿದರು. "ಕೇಳ್ಸಲಿಲ್ಲ." ಮತ್ತೂ ಜೋರಾಗಿ ಹೇಳಿದರು. ಆಗ ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಹತ್ತಿ ತೆಗೀರಿ ಅಧ್ಯಕ್ಷ್ರೇ, ಕೇಳ್ಸತೈತೆ!"

ಛತ್ರ ನಕ್ಕಿತು. ಓಬಳಪ್ಪನವರು ನಿಧಾನವಾಗಿ ಎರಡೂ ಕಿವಿಯ ಹತ್ತಿ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟು ಬಂದಾಗ ಅವರಿಗೆ ಪಾವಗಡದ ತೆಲುಗು ಬರುತ್ತಿತ್ತು. "ಏಮ್ರಾ, ನಾನು ದೊಂಗನಾ? ನಿಮ್ ಬಂದೂಕು ಗೋಡೆ ಮೇಲೆ ನೇತಾಕ್ಸಿದೋನು ಕಳ್ಳನಾ? ಯಾರ್ ಅಂತೀರಾ, ಎದ್ ನಿಂತ್ಕಳ್ರಿ." ಯಾರೂ ಏಳಲಿಲ್ಲ. ಖಾದರ್ ಸಾಬರು ಒಬ್ಬರೇ ನಿಂತಿದ್ದರು. "ಇವತ್ತಿಂದ ಇವ್ರು ಖಜಾಂಚಿ ಅಲ್ಲ" ಎಂದರು ಅಧ್ಯಕ್ಷರು. ಸಾಬರು ಜೇಬಿನಿಂದ ಆಫೀಸಿನ ಬೀಗದಕೈ ತೆಗೆದು ಮೇಜಿನ ಮೇಲೆ ಹತ್ತಿಯ ಪಕ್ಕದಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದರು.

ಮಾರನೆಯ ದಿನ ನಾನು ಓಬಳಪ್ಪನವರ ಮನೆಗೆ ಹೋದೆ. ಜಗುಲಿಯ ಮೇಲೆ ಒಬ್ಬರೇ ಕೂತಿದ್ದರು.

"ಅಣ್ಣಾ, ಇಂಗಿಂಗೆ ಖರ್ಚಾಯ್ತು ಅಂತ ಹೇಳ್ಬುಡಿ. ಬೈತಾರೆ, ಮುಗ್ದೋಗ್ತೈತೆ."

"ಹೇಳಿದ್ರೆ ಇಳೀಬೇಕಾಗ್ತೈತೆ ಕಣ್ಲಾ."

"ಇಳೀರಿ. ಸಂಘ ಉಳೀತೈತೆ."

"ನೀನು ಮೋಟ್ರು ಎತ್ತೋನು. ಬಾವೀಲಿ ಬಿದ್ದಿರೋದು ಎತ್ತೋದು ಗೊತ್ತು ನಿಂಗೆ. ಮೇಲಿರೋನು ಇಳಿಯೋದು ಹೆಂಗೆ ಅಂತ ಗೊತ್ತಿಲ್ಲ" ಎಂದರು. ನನಗೆ ಕೋಪ ಬಂತು. ಕೊಟ್ಟ ಕಾಫಿ ಕುಡಿಯದೆ ಎದ್ದು ಬಂದೆ.

ಸಂಘ ಎರಡಾಯಿತು. ಶಿರಾದಲ್ಲಿ ಖಾದರ್ ಸಾಬರ ಸಂಘ, ಮಧುಗಿರಿಯಲ್ಲಿ ಓಬಳಪ್ಪನವರ ಸಂಘ. ಎರಡಕ್ಕೂ ಒಂದೇ ಹೆಸರು, ಒಂದೇ ಥರದ ಸೀಲು. ಆ ವರ್ಷ ಕಡಲೆಕಾಯಿ ಹೂ ಬಿಟ್ಟಾಗಲೇ ಪಂಚಾಯ್ತಿ ಚುನಾವಣೆ ಬರುವ ಸುದ್ದಿ ಹುಟ್ಟಿತು. ಪ್ರತಿ ಚುನಾವಣೆಗೂ ವಿನಾಯಿತಿ ಕೇಳುವ ಅರ್ಜಿಗೆ ಸದಸ್ಯರ ಸಹಿ ಬೇಕಲ್ಲ, ಎರಡೂ ಕಡೆಯವರು ಊರೂರು ಸುತ್ತಿದರು. ನಮ್ಮ ಜನ ಎಂಥವರೆಂದರೆ, ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಬೆಳಿಗ್ಗೆ ಓಬಳಪ್ಪನವರು ಬಂದರೆ, "ನಿಮಗಲ್ದೆ ಇನ್ಯಾರಿಗಣ್ಣ" ಎಂದು ಸಹಿ. ಸಂಜೆ ಸಾಬರು ಬಂದರೆ, "ಅಷ್ಟು ದೂರದಿಂದ ಬಂದಿದೀರ, ಬರಿಗೈಲಿ ಕಳಿಸಾಕಾಯ್ತದಾ" ಎಂದು ಅದಕ್ಕೂ ಸಹಿ. ಇಬ್ಬರಿಗೂ ನೀರು, ಇಬ್ಬರಿಗೂ ಎಲೆಅಡಿಕೆ, ಇಬ್ಬರಿಗೂ ಹೆಬ್ಬೆಟ್ಟು. ನಾನು ಒಂದಕ್ಕೇ ಹಾಕಿದೆ, ಅದು ಓಬಳಪ್ಪನವರದು. ಲೆಕ್ಕದ ವಿಷಯದಲ್ಲಿ ಸಾಬರೇ ಸರಿ ಎಂದು ನನಗೆ ಗೊತ್ತಿತ್ತು. ಆದರೂ ಕಚೇರಿಯ ನೆಲದ ಮೇಲೆ ನನಗಾಗಿ ಕೂತಿದ್ದವರು ಅವರಲ್ಲವೇ?

ದೊಡ್ಡ ಕಚೇರಿಯಲ್ಲಿ ಎರಡೂ ಅರ್ಜಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಎರಡರಲ್ಲೂ ಅವೇ ಹೆಸರು, ಅವೇ ಹೆಬ್ಬೆಟ್ಟು. ಈಗ ಬೇರೆ ಸಾಹೇಬರು ಬಂದಿದ್ದರು. "ನಿಮ್ಮಲ್ಲಿ ಯಾರ ಜವಾಬ್ದಾರಿ ಯಾರು ಹೊರ್ತೀರಿ ಅಂತ ನಿಮಗೇ ಗೊತ್ತಿಲ್ಲ. ನಾನು ಯಾರನ್ನ ನಂಬ್ಲಿ?" ಎಂದು ಎರಡನ್ನೂ ತಳ್ಳಿಹಾಕಿದರು. ಅವರದು ತಪ್ಪು ಎಂದು ನಾನು ಹೇಳಲಾರೆ. ಓಬಳಪ್ಪನವರೂ ಖಾದರ್ ಸಾಬರೂ ಅಲ್ಲೇ ಅಕ್ಕಪಕ್ಕ ನಿಂತಿದ್ದರು. ಅಲ್ಲೇ ಒಬ್ಬರು ಇನ್ನೊಬ್ಬರ ಅರ್ಜಿಗೆ ಒಪ್ಪಿಬಿಟ್ಟಿದ್ದರೆ ಮುಗಿಯುತ್ತಿತ್ತು. ಸಾಬರು ಬಾಯಿ ತೆರೆದರು: "ಅಣ್ಣಾ, ನೀವು ಲೆಕ್ಕ ಕೊಡ್ತೀನಿ ಅನ್ರಿ, ನನ್ನ ಅರ್ಜಿ ಈಗ್ಲೇ ಹರೀತೀನಿ." ಓಬಳಪ್ಪನವರು ಗೋಡೆಯ ಕಡೆ ಮುಖ ತಿರುಗಿಸಿದರು. ಈ ಸಲ ಅವರಿಗೆ ಕೇಳಿಸಿತ್ತು.

ಬಂದೂಕುಗಳೆಲ್ಲ ಠಾಣೆಗೆ ಹೋದವು. ಆ ವರ್ಷದ ಕಡಲೆಕಾಯಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನನಗೆ ಮೋಟಾರಿನ ಕಸುಬು ಇತ್ತು, ಅನ್ನಕ್ಕೆ ತೊಂದರೆಯಾಗಲಿಲ್ಲ. ಹೊಲವೇ ಗತಿ ಎಂದಿದ್ದವರ ಮನೆಗಳಲ್ಲಿ ಆ ದೀಪಾವಳಿಗೆ ಕಜ್ಜಾಯದ ಎಣ್ಣೆಯ ವಾಸನೆ ಏಳಲಿಲ್ಲ. ಕೊರಟಗೆರೆ ಕಡೆ ತಗಡು ಬಡಿಯುತ್ತ ಹೊಲದಲ್ಲಿದ್ದ ಒಬ್ಬರ ಮೇಲೆ ಕರಡಿ ಬಿತ್ತು. ಬದುಕಿಕೊಂಡರು, ಆದರೆ ಮುಖ ಮೊದಲಿನ ಹಾಗಾಗಲಿಲ್ಲ. ಅವರು ಎರಡೂ ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದವರು.

ಫಲಿತಾಂಶವಾದ ಮೇಲೆ ಬಂದೂಕು ವಾಪಸ್ಸು ಕೊಡುವ ದಿನ ಠಾಣೆಯ ಮುಂದೆ ಸಾಲು. ಓಬಳಪ್ಪನವರು ಬಸ್ಸಿನಲ್ಲಿ ಬಂದಿಳಿದರು. ಜೀಪನ್ನು ಮಾರಿದ್ದಾರೆಂದು ಆಮೇಲೆ ತಿಳಿಯಿತು. ಕೋಟು ಇರಲಿಲ್ಲ. ಸಾಲಿನಲ್ಲಿದ್ದವರು ಅವರನ್ನು ಬೈಯಲಿಲ್ಲ. ಎಲ್ಲರೂ ಒಂದೇ ಸಲ ಬೇರೆ ಕಡೆ ನೋಡಿದರು, ಅಷ್ಟೇ. ಅವರು ಕೊನೆಯಲ್ಲಿ ಹೋಗಿ ನಿಂತರು. ನಾನು ನನ್ನ ಬಂದೂಕು ತೆಗೆದುಕೊಂಡವನು ಹೋಗದೆ ಬೇವಿನ ಮರದ ಕೆಳಗೆ ಕಾದೆ. ಅವರ ಹೆಸರು ಕೂಗಿದರು. ಅವರು ಒಳಗೆ ಹೋಗಿ, ಬರಿಗೈಯಲ್ಲಿ ಹೊರಗೆ ಬಂದರು.

"ಯಾಕಣ್ಣಾ, ಕೊಡ್ಲಿಲ್ವಾ?"

"ಕೊಟ್ರು. ನಾನೇ ಬ್ಯಾಡ ಅಂದೆ. ಲೈಸೆನ್ಸು ವಾಪಸ್ ಬರೆದು ಕೊಟ್ಟೆ."

"ಹೊಲಕ್ಕೆ?"

"ಹೊಲಕ್ಕೇನ್ಲಾ, ಹಂದಿ ಬತ್ತವೆ, ತಿಂತವೆ." ಮರಕ್ಕೆ ಒರಗಿ ನಿಂತರು. "ಬಸ್ಸಲ್ಲಿ ಹೋದಾಗ ಬಾಗಲಲ್ಲೇ ನಿಲ್ಸೋರು ಈರ. ಜೀಪಲ್ಲಿ ಹೋದ್ರೆ ಕುರ್ಚಿ ಹಾಕೋರು. ನಿಮ್ ಕೆಲ್ಸ ಆಗ್ಲಿ ಅಂತ್ಲೇ ಜೀಪ್ ತಗಂಡಿದ್ದು, ಸುಳ್ಳಲ್ಲ. ಆಮೇಲೆ ಕುರ್ಚಿ ಮೇಲೇ ಆಸೆ ಹತ್ಬುಡ್ತು." ನನ್ನ ಕೈಯಲ್ಲಿದ್ದ ಬಂದೂಕನ್ನು ನೋಡಿದರು. ನಾನು ಅದನ್ನು ಮುಂದೆ ಚಾಚಿದೆ, ಎಂದಿನಂತೆ ಮೂಸಲಿ ಎಂದು. ಅವರು ಬಗ್ಗಲಿಲ್ಲ. "ಎಣ್ಣೆ ಹಾಕು, ಹೋಗು" ಎಂದು ಬಸ್ಸಿನ ಕಡೆ ನಡೆದರು.

ಮಳೆಗಾಲದ ಹೊತ್ತಿಗೆ ಹೋಗಿಬಿಟ್ಟರು, ಎದೆನೋವು. ನಾನು ಆ ದಿನ ಕೊರಟಗೆರೆಯ ಆಚೆ ಮೋಟಾರು ಎತ್ತುತ್ತಿದ್ದೆ, ಬರುವಷ್ಟರಲ್ಲಿ ಮಣ್ಣಾಗಿತ್ತು. ಖಾದರ್ ಸಾಬರು ಮುಂಚೆಯೇ ಬಂದು ಮಣ್ಣು ಹಾಕಿ ಹೋಗಿದ್ದರಂತೆ. ಆಮೇಲೆ ಅವರೂ ಸಂಘವನ್ನು ಕೈಬಿಟ್ಟರು. ಯಾರಾದರೂ ಕೇಳಿದರೆ, "ಬಸ್ ಹತ್ತೋಕೆ ಜೊತೆ ಬೇಕಲ್ಲ ಭಾಯಿ" ಎನ್ನುತ್ತಾರೆ.

ಮತ್ತೆ ಚುನಾವಣೆ ಬಂದಿದೆ. ಕಡಲೆಕಾಯಿ ಹಸಿರಾಗಿ ನಿಂತಿದೆ. ಮೊನ್ನೆ ಬಂದೂಕು ಒಪ್ಪಿಸಲು ಠಾಣೆಗೆ ಹೋಗಿದ್ದೆವು. ಹೊಸದಾಗಿ ಬಂದ ಸಬ್‌ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ. ಹೊರಗೆ ಬಂದು, "ಬೆಳೆ ಟೈಮು, ನಿಮ್ಮ ಕಷ್ಟ ನನಗೂ ಗೊತ್ತು. ನಿಮ್ಮೆಲ್ಲರ ಪರವಾಗಿ ಮೇಲೆ ಹೋಗಿ ಮಾತಾಡೋರು ಯಾರಿದ್ದೀರಿ?" ಎಂದು ಕೇಳಿದರು.

ಅವರು ಸ್ವಲ್ಪ ಹೊತ್ತು ಕಾದು ಒಳಗೆ ಹೋದರು. ನಾವು ಒಬ್ಬೊಬ್ಬರಾಗಿ ಬಂದೂಕು ಕೊಡತೊಡಗಿದೆವು.